ಹಸಿರು ಕೋಸೋ, ನೇರಳೆ ಕೋಸೋ?

ಪ್ರಶ್ನೆ: ಶಿವಮೊಗ್ಗದ ಮಾರುಕಟ್ಟೆಯಲ್ಲಿ ನೇರಳೆ ಬಣ್ಣದ ಎಲೆಕೋಸು ಹಸಿರು ಕೋಸಿಗಿಂತ ದುಬಾರಿ. ಅದರಲ್ಲಿ ಆರೋಗ್ಯಕರ ಅಂಶಗಳು ಹೆಚ್ಚು ಎನ್ನುವುದು ನಿಜವೇ? ನಾವು ಕೋಸನ್ನು ಬೇಯಿಸಿ, ನೀರು ಬಸಿದು ಪಲ್ಯ ಮಾಡುತ್ತೇವೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವ ನಮ್ಮ ಅತ್ತೆಯವರಿಗೆ ಇದನ್ನು ಬಡಿಸಬಹುದೇ?
— ಓದುಗರು, ತೀರ್ಥಹಳ್ಳಿ

ಉತ್ತರ: ನೇರಳೆ ಕೋಸಿನ ಹೆಚ್ಚುಗಾರಿಕೆ ಮುಖ್ಯವಾಗಿ ಅದರ ಬಣ್ಣದಲ್ಲಿದೆ. ನೇರಳೆ ಹಣ್ಣಿಗೆ ಬಣ್ಣ ಕೊಡುವ ಆಂಥೋಸಯನಿನ್ ಎಂಬ ವರ್ಗದ ವಸ್ತುಗಳೇ ಇದರಲ್ಲಿಯೂ ಇವೆ. ಹೆಚ್ಚಿದ ಕೋಸಿಗೆ ನಿಂಬೆಹುಳಿ ಹಿಂಡಿದೊಡನೆ ಅದು ಕೆಂಪಿಗೆ ತಿರುಗುವುದು ಇವುಗಳಿಂದಲೇ. 100 ಗ್ರಾಂ ಹಸಿ ಕೋಸಿನಲ್ಲಿ ಸಿ ವಿಟಮಿನ್ ನೇರಳೆಯದರಲ್ಲಿ ಸುಮಾರು 57 ಮಿಲಿಗ್ರಾಂ, ಹಸಿರಿನದರಲ್ಲಿ ಸುಮಾರು 37 ಮಿಲಿಗ್ರಾಂ ಇರುತ್ತದೆ. ಆದರೆ ಕೆ ವಿಟಮಿನ್ ಹಸಿರು ಕೋಸಿನಲ್ಲಿಯೇ ಹೆಚ್ಚು, ಹೆಚ್ಚುಕಡಿಮೆ ಎರಡರಷ್ಟು. ಆದ್ದರಿಂದ ಕಡಿಮೆ ಬೆಲೆಯ ಕೋಸು ಕೊಂಡವರು ನಷ್ಟವಾಯಿತೆಂದು ಭಾವಿಸಬೇಕಾಗಿಲ್ಲ.

ನನ್ನ ಅಭಿಪ್ರಾಯದಲ್ಲಿ ಬಣ್ಣಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಅಡುಗೆಯ ಕ್ರಮಕ್ಕೆ. ಎಲ್ಲ ಬಗೆಯ ಕೋಸುಗಳಲ್ಲಿಯೂ ಗ್ಲುಕೋಸಿನೊಲೇಟ್ ಎಂಬ ಗಂಧಕಯುಕ್ತ ವಸ್ತುಗಳಿವೆ. ಎಲೆ ಇಡಿಯಾಗಿರುವಾಗ ಇವು ಒಂದು ಕಡೆ, ಇವನ್ನು ಒಡೆಯುವ ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಹೆಚ್ಚಿದಾಗ ಅಥವಾ ಅಗಿದಾಗ ಎರಡೂ ಸೇರಿ, ಖಾರದ ಘಾಟಿರುವ ಐಸೋಥಯೋಸಯನೇಟ್‌ಗಳು ಹುಟ್ಟುತ್ತವೆ. ಗಿಡಕ್ಕೆ ಇದು ಕೀಟಗಳಿಂದ ರಕ್ಷಣೆ. ನಮ್ಮಲ್ಲಿ ಇವು ಹಾನಿಕಾರಕ ವಸ್ತುಗಳನ್ನು ಹೊರಹಾಕುವ ಕಿಣ್ವಗಳನ್ನು ಚುರುಕುಗೊಳಿಸುತ್ತವೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಹಾಗೆಂದು ಕೋಸು ಕ್ಯಾನ್ಸರ್ ತಡೆಯುವ ಮದ್ದೆಂದು ಹೇಳುವಷ್ಟು ಪುರಾವೆಯಿಲ್ಲ.

ನೀವು ಬಸಿದು ಚೆಲ್ಲುವ ನೀರಿನೊಂದಿಗೆ ಗ್ಲುಕೋಸಿನೊಲೇಟ್, ಸಿ ವಿಟಮಿನ್ ಎರಡೂ ಗಣನೀಯವಾಗಿ ಹೋಗುತ್ತವೆ, ಬಹಳ ಹೊತ್ತು ಕುದಿಸಿದರೆ ಕಿಣ್ವವೂ ನಾಶವಾಗುತ್ತದೆ. ಕೋಸನ್ನು ಸಣ್ಣಗೆ ಹೆಚ್ಚಿ, ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟು, ಅನಂತರ ನೀರು ಚಿಮುಕಿಸಿ ಮುಚ್ಚಳ ಮುಚ್ಚಿ, ತೀರ ಮೆತ್ತಗಾಗದಂತೆ ಬೇಯಿಸಿರಿ. ನಮ್ಮ ಮಲೆನಾಡಿನಲ್ಲಿ ಇನ್ನೂ ಒಳ್ಳೆಯ ದಾರಿಯಿದೆ: ಸೌತೆಕಾಯಿ, ಬಾಳೆದಿಂಡುಗಳಿಗೆ ಮಾಡುವಂತೆ ಕೋಸಿನಿಂದಲೂ ‘ಸಾಸಿವೆ’ ಎಂಬ ಮೇಲೋಗರ ಮಾಡಬಹುದು. ಕಾಯಿತುರಿಯೊಡನೆ ಹಸಿ ಸಾಸಿವೆಕಾಳು ಅರೆದು, ಬೆಂದ ಕೋಸು ತಣಿದ ಮೇಲೆ ಮೊಸರಿನ ಜೊತೆ ಬೆರೆಸಿದರೆ, ಬೇಯುವಾಗ ನಾಶವಾದ ಕಿಣ್ವವನ್ನು ಸಾಸಿವೆ ಮತ್ತೆ ಒದಗಿಸುತ್ತದೆ. ಕೋಸಿನ ಜಾತಿಯದೇ ಆದ ಬ್ರೊಕೊಲಿಯನ್ನು ಬೇಯಿಸಿ, ಅದಕ್ಕೆ ಸಾಸಿವೆಪುಡಿ ಬೆರೆಸಿ ನಡೆಸಿದ ಪ್ರಯೋಗಗಳಲ್ಲಿ ಇದು ದೃಢಪಟ್ಟಿದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆಯಿಂದ ಈ ಕೆಲಸವಾಗದು, ಏಕೆಂದರೆ ಕಾದ ಎಣ್ಣೆಯಲ್ಲಿ ಅದರ ಕಿಣ್ವವೂ ಉಳಿಯುವುದಿಲ್ಲ.

ಅತ್ತೆಯವರಿಗೆ ಬೇಯಿಸಿದ ಕೋಸನ್ನು ಊಟದ ಪ್ರಮಾಣದಲ್ಲಿ ನಿಶ್ಚಿಂತೆಯಿಂದ ಬಡಿಸಿರಿ. ಕೋಸಿನ ಕೆಲವು ಅಂಶಗಳು ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರಿಕೊಳ್ಳುವುದಕ್ಕೆ ಅಡ್ಡಿಮಾಡಬಲ್ಲವು. ಆದರೆ ಅಯೋಡಿನ್ ಇರುವ ಉಪ್ಪು ಬಳಸುವ ಮನೆಯಲ್ಲಿ ಸಾಧಾರಣ ಪ್ರಮಾಣದ ಪಲ್ಯದಿಂದ ತೊಂದರೆಯಾಗುವುದಿಲ್ಲ. ಹಸಿ ಕೋಸಿನ ರಸವನ್ನು ಲೋಟಗಟ್ಟಲೆ ದಿನವೂ ಕುಡಿಯುವುದು ಮಾತ್ರ ಬೇಡ. ಮಾತ್ರೆಯನ್ನು ವೈದ್ಯರು ಹೇಳಿರುವಂತೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿಯೇ ತೆಗೆದುಕೊಳ್ಳಲಿ. ಮನೆಯಲ್ಲಿ ಯಾರಾದರೂ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುತ್ತಿದ್ದರೆ, ಕೋಸಿನಲ್ಲಿರುವ ಕೆ ವಿಟಮಿನ್ ಆ ಔಷಧದ ಪರಿಣಾಮವನ್ನು ತಗ್ಗಿಸಬಲ್ಲದಾದ್ದರಿಂದ, ಅವರು ಸೊಪ್ಪು, ಕೋಸುಗಳ ಪ್ರಮಾಣವನ್ನು ಒಮ್ಮೆಲೇ ಬದಲಿಸದೆ ವೈದ್ಯರನ್ನು ಕೇಳಬೇಕು.