ಸೋಲೋ ಬಂದ್ರೆ ಮಗ ಹಾಡನ್ನೇ ಓಡಿಸ್ತಾನೆ

ಪ್ರಶ್ನೆ: ನಾವು ಕಾಲೇಜಲ್ಲಿದ್ದಾಗ ರಾಕ್ ಹಾಡಲ್ಲಿ ಗಿಟಾರ್ ಸೋಲೋ (ಹಾಡೋರು ಸುಮ್ನಾಗಿ ಗಿಟಾರೇ ಮುಂದೆ ಬಂದು ನುಡಿಯೋ ಭಾಗ) ಯಾವಾಗ ಬರುತ್ತೆ ಅಂತ ಕಾಯ್ತಿದ್ವಿ. ಈಗ ಮಗ ಸೋಲೋ ಬಂದ ತಕ್ಷಣ ಮುಂದಕ್ಕೆ ಓಡಿಸ್ತಾನೆ. ಹೊಸ ಹಾಡುಗಳಲ್ಲಂತೂ ಸೋಲೋ ಕೇಳೋದೇ ಅಪರೂಪ. ಯಾಕೆ ಹೀಗಾಯ್ತು ಸರ್?
– ಓದುಗರೊಬ್ಬರು, ಕೊಥ್ರೂಡ್, ಪುಣೆ

ಮಗನ್ನ ಬೈಬೇಡಿ, ಸೋಲೋ ಹೆಸರು ಕೆಡಿಸಿದ್ದು ನಮ್ಮ ಕಾಲದ ಗಿಟಾರಿಸ್ಟ್‌ಗಳೇ. 1958ರಲ್ಲಿ ಚಕ್ ಬೆರ್ರಿ ‘ಜಾನಿ ಬಿ. ಗುಡ್’ ಶುರು ಮಾಡಿದ್ದೇ ಗಿಟಾರಿಂದ, ಆಮೇಲೆ ಹೆಂಡ್ರಿಕ್ಸ್, ಜಿಮ್ಮಿ ಪೇಜ್ ಎಲ್ಲಾ ಬಂದು ಗಿಟಾರ್ ಮಾತಾಡೋ ಹಂಗೆ ಮಾಡಿದ್ರು. 1978ರಲ್ಲಿ ಎಡ್ಡಿ ವ್ಯಾನ್ ಹ್ಯಾಲೆನ್ ‘ಇರಪ್ಶನ್’ ಅಂತ ಎರಡು ನಿಮಿಷಾನೂ ಇಲ್ಲದ ತುಣುಕಲ್ಲಿ ಬಲಗೈ ಬೆರಳನ್ನೂ ಗಿಟಾರ್ ಕತ್ತಿನ ಮೇಲಿರೋ ಫ್ರೆಟ್ ಪಟ್ಟಿಗಳ ಹತ್ರ ಕುಟ್ಟಿ ನುಡಿಸಿದ್ದೇ ತಡ, ಎಂಬತ್ತರ ದಶಕದಲ್ಲಿ ಯಾರದು ಜಾಸ್ತಿ ಸ್ಪೀಡು ಅನ್ನೋ ರೇಸ್ ಶುರುವಾಗೋಯ್ತು. (ಎಡ್ಡಿಗೆ ಲಯ ಗೊತ್ತಿತ್ತು, ನಕಲು ಮಾಡಿದವರಿಗೆ ಬರೀ ವೇಗ.) ಜನಕ್ಕೆ ಸಾಕಾಗೋ ಹೊತ್ತಿಗೆ 1991ರಲ್ಲಿ ನಿರ್ವಾನಾ ಬ್ಯಾಂಡಿನ ಅಲೆ ಬಂತು, ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಸೋಲೋ ಕೇಳಿ ನೋಡಿ, ಅದರ ಗಾಯಕ ಕರ್ಟ್ ಕೊಬೇನ್ ತಾನು ಹಾಡಿದ ಟ್ಯೂನನ್ನೇ ಗಿಟಾರಲ್ಲಿ ನುಡಿಸಿ ಸುಮ್ನಾಗ್ತಾನೆ. ಅಲ್ಲಿಂದ ಉದ್ದದ ಸೋಲೋ ಹಳೇ ಫ್ಯಾಷನ್. ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದಂಥ ಮೆಟಾಲಿಕಾನೇ 2003ರ ‘ಸೇಂಟ್ ಆಂಗರ್’ ಆಲ್ಬಂನಲ್ಲಿ ಸೋಲೋ ಇಡ್ಲಿಲ್ಲ, ಫ್ಯಾನ್ಸ್ ಗೊಣಗಿದ್ರು, 2008ರ ಆಲ್ಬಂನಲ್ಲಿ ವಾಪಸ್ ತಂದ್ರು.

ಈಗಿನ ಕಾರಣ ಬೇರೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದ್ರೆ ಒಂದು ಪ್ಲೇ ಲೆಕ್ಕ, ಹಂಗಾಗಿ ಇರೋ ಸರಕೆಲ್ಲಾ ಮೊದಲಲ್ಲೇ ಸುರೀತಾರೆ, ಮೂರನೇ ನಿಮಿಷದ ಸೋಲೋಗೆ ಯಾರು ಕಾಯ್ತಾರೆ. ಆದ್ರೆ ಕಾಯೋ ಜನಾನೇ ಇಲ್ಲ ಅಂತ ಪುಣೆಯಲ್ಲಿ ಕೂತು ಹೇಳೋಕಾಗುತ್ತಾ? ನಮ್ಮ ಗದಗದ ಭೀಮಸೇನ ಜೋಶಿ ತಮ್ಮ ಗುರುಗಳ ನೆನಪಿಗೆ 1953ರಲ್ಲಿ ಶುರು ಮಾಡಿದ ಸವಾಯಿ ಗಂಧರ್ವ ಉತ್ಸವಕ್ಕೆ ಡಿಸೆಂಬರ್ ಚಳೀಲಿ ಶಾಲು ಹೊದ್ದು ಹೋಗಿ ಒಂದೇ ರಾಗಕ್ಕೆ ತಾಸುಗಟ್ಟಲೆ ಕೂರ್ತೀವಲ್ಲ. ಮಗನ್ನೂ ಕರ್ಕೊಂಡು ಹೋಗಿ, ಗ್ಯಾರಂಟಿ ಏನೂ ಕೊಡಲ್ಲ ನಾನು.

ಪ್ರಶ್ನೆ: ಇಂಗ್ಲಿಷ್ ಒಂದು ಸಾಲೂ ಅರ್ಥ ಆಗದ ನಮ್ಮ ಭಾವ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಹಾಡಿನ ಕೊನೇ ಗಿಟಾರ್ ಗುನುಗ್ತಾರೆ. ಏನಿದೆ ಅದ್ರಲ್ಲಿ?
– ಓದುಗರೊಬ್ಬರು, ಡೊಂಬಿವಲಿ

ಗುನುಗೋಕೆ ಬರುತ್ತೆ, ಅದೇ ಇರೋದು. ಈಗಲ್ಸ್ ಬ್ಯಾಂಡಿನ ಗಿಟಾರಿಸ್ಟ್‌ಗಳಾದ ಡಾನ್ ಫೆಲ್ಡರ್, ಜೋ ವಾಲ್ಶ್ ಇಬ್ರೂ ಸರದಿ ಮೇಲೆ ಎರಡು ನಿಮಿಷ ನುಡಿಸ್ತಾರೆ, ಕೆಳಗೆ ಹಾಡಿನದೇ ಕಾರ್ಡ್‌ಗಳು (ಒಟ್ಟಿಗೆ ನುಡಿಯೋ ಸ್ವರಗುಚ್ಛಗಳು) ಸುತ್ತಿ ಸುತ್ತಿ ಬರ್ತಿರ್ತವೆ, ಕಿವಿಗೆ ದಾರಿ ತಪ್ಪಲ್ಲ, ಕೊನೆಗೆ ಇಬ್ರೂ ಜೊತೆಗೂಡ್ತಾರೆ. ಇನ್ನೊಂದು, ಎಲೆಕ್ಟ್ರಿಕ್ ಗಿಟಾರ್ ತಂತಿ ಒತ್ತಿ ಪಕ್ಕಕ್ಕೆ ಎಳೆದ್ರೆ ಸ್ವರ ಜಾರ್ಕೊಂಡು ಮೇಲಕ್ಕೆ ಹೋಗುತ್ತೆ, ಸಿತಾರ್‌ನವರ ಮೀಂಡ್ ಥರಾನೇ. ಆಂಪ್ (ಸದ್ದು ಹಿಗ್ಗಿಸೋ ಪೆಟ್ಟಿಗೆ) ಜೋರು ಮಾಡಿ ಡಿಸ್ಟಾರ್ಷನ್, ಅಂದ್ರೆ ಒಡೆದಂಥ ಒರಟು ದನಿ, ಬರಿಸಿದ್ರೆ ಸ್ವರ ಬೇಗ ಸಾಯಲ್ಲ, ನಿಲ್ಲುತ್ತೆ. ಜಾರೋದು, ನಿಲ್ಲೋದು ಎರಡೂ ಗಂಟಲಿನ ಕೆಲಸ, ಯಾರೋ ಹಾಡ್ತಿದಾರೆ ಅನ್ಸುತ್ತೆ. ಭಾವನಿಗೆ ಪದ ಯಾಕ್ ಬೇಕು?

ಪ್ರಶ್ನೆ: ಗಿಟಾರ್ ಕಲೀತಿದೀನಿ, ಸ್ಪೀಡೇ ಬರ್ತಿಲ್ಲ. ಸೋಲೋ ಆಸೆ ಬಿಟ್ಬಿಡ್ಲಾ?
– ಓದುಗರೊಬ್ಬರು, ಮಡಗಾಂವ್

ಬಿಡ್ಬೇಡಿ. 1979ರ ‘ಕಂಫರ್ಟಬ್ಲಿ ನಂಬ್’ನಲ್ಲಿ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಗಿಟಾರಿಸ್ಟ್ ಡೇವಿಡ್ ಗಿಲ್ಮರ್‌ಗೆ ಎಲ್ಲಿದೆ ಅವಸರ? ಅದರ ಮೊದಲನೇ ಸೋಲೋ ಬಾಯಲ್ಲಿ ಹಾಡೋಕೆ ಬರ್ಲಿ, ಆಮೇಲೆ ಗಿಟಾರ್ ಎತ್ಕೊಳ್ಳಿ. ರಾತ್ರಿ ಹೆಡ್‌ಫೋನ್ ಹಾಕ್ಕೊಂಡೇ ನುಡಿಸಿ, ಪಕ್ಕದ ಮನೆಯವರು ನನಗೆ ಪ್ರಶ್ನೆ ಕಳ್ಸಿದ್ರೆ ನಾನು ಅವ್ರ ಪರಾನೇ.