ಸಿಒಎಫ್-5 ನೀರಿನಲ್ಲಿ ಯಾಕೆ ಉಳಿಯಲ್ಲ?

ಸಿಒಎಫ್-5 (ಕೋವೇಲೆಂಟ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್, ಅಂದರೆ ಸಾವಯವ ಅಣುಗಳು ಬಂಧದಿಂದ ಕೂಡಿ ಆದ, ರಂಧ್ರಗಳಿರುವ ಹರಳು ಜಾಲ) ಪುಡಿಯನ್ನು ನೀರಿಗೆ ಹಾಕಿದ ಮೇಲೆ ಹರಳಿನ ಗುರುತಾದ ಎಕ್ಸ್-ರೇ ಗೆರೆಗಳೇ ಮಾಯವಾದವು, ತಪ್ಪು ನನ್ನದಾ ಅಂತ ಕೇಳಿದ್ದೀರಿ. ನಿಮ್ಮದಲ್ಲ, ಅದರೊಳಗಿನ ಬೋರಾನ್-ಆಕ್ಸಿಜನ್ ಬಂಧದ್ದು. ಆ ಜಾಲ ಕಟ್ಟಿಕೊಳ್ಳುವಾಗ ಪ್ರತಿ ಗಂಟಿನಲ್ಲೂ ನೀರು ಹೊರಬೀಳುತ್ತದೆ. ಅದೇ ನೀರು ವಾಪಸ್ ಬಂದರೆ ಗಂಟು ಬಿಚ್ಚುತ್ತದೆ. ತಮಾಷೆ ಅಂದರೆ, ಹೀಗೆ ಬಿಚ್ಚಿ ಮತ್ತೆ ಕಟ್ಟಿಕೊಳ್ಳುವ ಗುಣದಿಂದಲೇ ಅದು ನೀಟಾಗಿ ಹರಳಾಗುವುದು! ತಪ್ಪಾಗಿ ಕೂತ ತುಂಡು ಎದ್ದು ಸರಿಯಾದ ಜಾಗದಲ್ಲಿ ಕೂರುತ್ತದೆ.

2005ರಲ್ಲಿ ರಸಾಯನಶಾಸ್ತ್ರಜ್ಞ ಓಮರ್ ಯಾಘಿ ಅವರ ತಂಡ ಪ್ರಕಟಿಸಿದ ಈ ವಸ್ತುವಿನ ರಂಧ್ರ ಸುಮಾರು 2.7 ನ್ಯಾನೋಮೀಟರ್, ಒಂದು ಗ್ರಾಂಗೆ 1590 ಚದರ ಮೀಟರ್ ಮೇಲ್ಮೈ. ಒಣಗಿದ ಅನಿಲ ತುಂಬಿಸೋಕೆ ಚೆನ್ನಾಗಿದೆ. ನೀರಿನಿಂದ ಬಣ್ಣ ಹೀರಿಸೋಕೆ ಮಾತ್ರ ಬೇಡ.

ಅದಕ್ಕೆ ಕೀಟೋ-ಈನಮೈನ್ ಅನ್ನುವ ಬಂಧದ ಇನ್ನೊಂದು ಸಿಒಎಫ್, ಟಿಪಿಪಿಎ-1 ನೋಡಿ. ಮೊದಲು ಇಮೈನ್ (ಕಾರ್ಬನ್-ನೈಟ್ರೋಜನ್ ಜೋಡಿಬಂಧ) ಆಗಿ ಕೂಡಿಕೊಂಡು, ಆಮೇಲೆ ಹಿಂದಿರುಗಲಾಗದ ರೂಪಕ್ಕೆ ತಿರುಗುತ್ತದೆ. ಕುದಿಯುವ ನೀರಿಗೂ ಗಟ್ಟಿ ಆಮ್ಲಕ್ಕೂ ಜಗ್ಗಲ್ಲ. ಮೇಲ್ಮೈ ಕಡಿಮೆ ನಿಜ, ಆದರೆ ಜಾಸ್ತಿ ಮೇಲ್ಮೈ ಇದ್ದು ಕರಗಿಹೋದರೆ ಏನು ಬಂತು, ಅಲ್ವಾ?

ಇನ್ನೊಂದು ಮಾತು: ಒಣಗಿಸುವ ಮುಂಚೆ ರಂಧ್ರದೊಳಗಿನ ದ್ರಾವಕವನ್ನು ಅಸಿಟೋನ್‌ನಿಂದ ಬದಲಿಸಿ. ನೇರವಾಗಿ ಬಿಸಿ ಮಾಡಿದರೆ ರಂಧ್ರಗಳು ಕುಸಿಯಬಹುದು.