ಬಣ್ಣ ಜಾಸ್ತಿಯಾದರೆ ಕಾಯಿಲೆ ಜಾಸ್ತಿಯೇ?

ಪ್ರಶ್ನೆ: ಕಳೆದ ಸಂಚಿಕೆಯ ಚಿತ್ರದಲ್ಲಿ ಅಲ್ಝೈಮರ್ ಇಲಿಯ ಮಿದುಳಿನ ಮೈಕ್ರೊಗ್ಲಿಯಾ ಕೋಶಗಳು (ಮಿದುಳನ್ನು ಕಾಯುವ ರಕ್ಷಣಾ ಕೋಶಗಳು) ದಟ್ಟ ಕಂದಾಗಿ ಕಂಡವು. ಆ ಬಣ್ಣ ಅಳೆದರೆ ಉರಿಯೂತ ಎಷ್ಟೆಂದು ತಿಳಿಯುತ್ತದೆ, ಅದನ್ನು ಇಳಿಸುವ ಔಷಧ ಒಳ್ಳೆಯದು, ಅಲ್ವಾ?
– ಓದುಗರು, ಶಿವಮೊಗ್ಗ

ಸಂಪಾದಕರ ಉತ್ತರ: ಅಷ್ಟು ಸಲೀಸಲ್ಲ. ಆ ಕಂದು ಬಣ್ಣ ತೋರಿಸುವುದು ಐಬಿಎ-1 ಎಂಬ ಪ್ರೋಟೀನನ್ನು. ಆರೋಗ್ಯವಾಗಿರುವ ಇಲಿಯ ಮೈಕ್ರೊಗ್ಲಿಯಾದಲ್ಲೂ ಅದು ಇರುತ್ತದೆ. ಬಣ್ಣ ಹರಡಿದ ಜಾಗ ಹೆಚ್ಚಾದರೆ ಕೋಶಗಳ ಸಂಖ್ಯೆ ಏರಿರಬಹುದು, ಒಂದೊಂದು ಕೋಶವೂ ದಪ್ಪಗಾಗಿರಬಹುದು. ಎಷ್ಟು ಶೇಕಡಾ ಜಾಗಕ್ಕೆ ಬಣ್ಣ ಹರಡಿದೆ ಎಂಬ ಲೆಕ್ಕ ಒಂದರಿಂದಲೇ ಇದರಲ್ಲಿ ಯಾವುದೆಂದು ಗೊತ್ತಾಗದು. ಅದಕ್ಕೇ ಕೋಶಗಳನ್ನು ಎಣಿಸುತ್ತಾರೆ, ಅವುಗಳ ಕವಲುಗಳನ್ನೂ ಅಳೆಯುತ್ತಾರೆ. ಅಮಿಲಾಯ್ಡ್ ಗಂಟುಗಳ (ಅಲ್ಝೈಮರ್‌ನಲ್ಲಿ ಮಿದುಳಿನಲ್ಲಿ ಕಟ್ಟಿಕೊಳ್ಳುವ ಪ್ರೋಟೀನ್ ಗಂಟುಗಳ) ಬಳಿ ಕವಲು ಮೋಟಾಗಿ ದಪ್ಪಗಾಗುತ್ತದೆ. ಜೊತೆಗೆ ಸಿಡಿ68 ನೋಡುತ್ತಾರೆ. ಅದು ಕೋಶ ನುಂಗಿದ್ದನ್ನು ಅರಗಿಸುವ ಚೀಲದ ಪ್ರೋಟೀನು. ಅದು ಏರಿದರೆ ಅರಗಿಸುವ ಸಿದ್ಧತೆ ಜೋರಾಗಿದೆ ಎಂದಷ್ಟೇ ಅರ್ಥ. ಅರಗಿತೋ ಇಲ್ಲವೋ, ಬೇರೆಯೇ ನೋಡಬೇಕು.

ಎಲ್ಲಿ ಅಳೆದರು ಎಂಬುದೂ ಮುಖ್ಯ. ಅಲ್ಝೈಮರ್ ಅಧ್ಯಯನದಲ್ಲಿ ಹೆಚ್ಚು ಬಳಕೆಯಲ್ಲಿರುವ 5ಎಕ್ಸ್‌ಫ್ಯಾಡ್ ಎಂಬ ತಳಿಯ ಇಲಿಗೆ ಮನುಷ್ಯರ ಎರಡು ಜೀನ್‌ಗಳಲ್ಲಿ ಒಟ್ಟು 5 ರೂಪಾಂತರ ಸೇರಿಸಿರುತ್ತಾರೆ. ಸುಮಾರು 2 ತಿಂಗಳಿಗೇ ಗಂಟುಗಳು ಶುರುವಾಗುತ್ತವೆ. ಗಂಟಿಗೆ ಅಂಟಿಕೊಂಡ ಕೋಶಕ್ಕೂ ದೂರದ ಕೋಶಕ್ಕೂ ತುಂಬಾ ವ್ಯತ್ಯಾಸವಿದೆ. ಇಡೀ ಭಾಗದ ಸರಾಸರಿ ತೆಗೆದರೆ ಅದು ಮುಚ್ಚಿಹೋಗುತ್ತದೆ.

ಈಗ ಔಷಧದ ಮಾತು. 2017ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡ ಈ ಇಲಿಗಳ ಒಂದೊಂದೇ ಕೋಶದ ಆರ್‌ಎನ್‌ಎಯನ್ನು (ಯಾವ ಜೀನ್ ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಣು) ಓದಿ, ಗಂಟಿನ ಸುತ್ತ ಸೇರುವ ಬೇರೆಯೇ ಬಗೆಯ ಮೈಕ್ರೊಗ್ಲಿಯಾ ಗುರುತಿಸಿತು. ಅವು ಆ ಸ್ಥಿತಿಗೆ ಪೂರ್ತಿ ತಲುಪಲು ಟ್ರೆಮ್2 ಜೀನ್ ಬೇಕು. ಟ್ರೆಮ್2 ತೆಗೆದ ಇಲಿಗಳಲ್ಲಿ ಕೋಶಗಳು ಗಂಟಿನ ಸುತ್ತ ಸೇರುವುದೇ ಕಡಿಮೆ. ನಿಮ್ಮ ಲೆಕ್ಕದಲ್ಲಿ ಒಳ್ಳೆಯದೇ ಆಯಿತು! ಆದರೆ ಅಲ್ಲಿ ಸುತ್ತಲಿನ ನರತಂತುಗಳಿಗೆ ಪೆಟ್ಟು ಜಾಸ್ತಿ ಬೀಳುತ್ತದೆ. ಮನುಷ್ಯರಲ್ಲೂ ಟ್ರೆಮ್2ನ ಕೆಲವು ರೂಪಾಂತರಗಳು ಅಲ್ಝೈಮರ್ ಅಪಾಯ ಹೆಚ್ಚಿಸುತ್ತವೆ ಎಂದು 2013ರಲ್ಲೇ ವರದಿಯಾಗಿದೆ. ಜಾತ್ರೆಯಲ್ಲಿ ಪೊಲೀಸರು ಹೆಚ್ಚಿದ್ದಾರೆಂದು ಗಲಾಟೆ ಅವರದೇ ಅನ್ನಲಾಗದು. ಹಾಗೆಂದು ಈ ಕೋಶಗಳು ಯಾವಾಗಲೂ ಸಾಧುಗಳೇನಲ್ಲ. ನರಕೋಶಗಳ ನಡುವಿನ ಬೆಸುಗೆಗಳನ್ನೇ ನುಂಗಿಹಾಕುವುದೂ ಇಲಿಗಳಲ್ಲಿ ಕಂಡಿದೆ.

ಹಾಗಾಗಿ ಔಷಧವೊಂದು ಬಣ್ಣ ಇಳಿಸಿತು ಎಂಬ ಸುದ್ದಿ ಓದಿದರೆ, ಗಂಟು ಮತ್ತು ನರತಂತುಗಳ ಗತಿ ಏನಾಯಿತು ಎಂದು ಹುಡುಕಿ. ಇಲಿಗಳು ಗಂಡೋ ಹೆಣ್ಣೋ ಎಂಬುದನ್ನೂ ನೋಡಿ. 5ಎಕ್ಸ್‌ಫ್ಯಾಡ್ ಹೆಣ್ಣುಗಳಲ್ಲಿ ಅಮಿಲಾಯ್ಡ್ ಹೆಚ್ಚಿರುತ್ತದೆ. ಔಷಧ ಕೊಟ್ಟ ಮತ್ತು ಕೊಡದ ಗುಂಪುಗಳಲ್ಲಿ ಗಂಡು-ಹೆಣ್ಣಿನ ಲೆಕ್ಕ ಬೇರೆಯಾದರೆ, ಔಷಧ ಏನೂ ಮಾಡದಿದ್ದರೂ ಬಣ್ಣ ಇಳಿದಂತೆ ಕಂಡೀತು.